ಬೆವರದವನ ಪಕ್ಕದ ಸೀಟು

ಮನುಷ್ಯರೂ ದೇವದೂತರೂ ಒಂದೇ ಊರಲ್ಲಿ ಬಾಳುವ ಕತೆ ಬರೆದವರು ಹಸ್ತಪ್ರತಿ ತಂದು ಕೊಟ್ಟು, ಓದಿ ಹೇಳಿ ಸಾರ್ ಎನ್ನುತ್ತಾರೆ. ಹೆಚ್ಚಿನವು ಯುದ್ಧದಿಂದಲೇ ಶುರು. ಆಕಾಶ ಬಿರಿಯುತ್ತದೆ, ಉರಿಯುವ ಕತ್ತಿ ಇಳಿಯುತ್ತದೆ. ಯುದ್ಧ ಇದ್ದರೆ ಇರಲಿ, ಆದರೆ ಅದು ಒಟ್ಟಿಗೆ ಬಾಳುವುದು ಮುಗಿದ ಮೇಲಿನ ಕತೆ. ಜೊತೆಗಿದ್ದೂ ಹೊಂದಿಕೆಯಾಗದ ಇರುಸುಮುರುಸು ಬೇಕಿದ್ದರೆ ನೀರಿನ ಸರದಿ, ಜಮೀನಿನ ಗಡಿ, ಕೋರ್ಟಿನ ಸಾಕ್ಷಿಕಟ್ಟೆ, ಬಸ್ಸಿನ ಸೀಟು ಇವುಗಳ ಹತ್ತಿರ ಹೋಗಬೇಕು. ಅಂಥ ಊರೊಂದನ್ನು ಕಾಗದದ ಮೇಲೆ ಕಟ್ಟುತ್ತ ವರ್ಷಗಳನ್ನು ಕಳೆದವನಾಗಿ ಕೆಲವು ಮಾತು.

1. ರೆಕ್ಕೆಯ ಯೋಚನೆ ಆಮೇಲೆ, ಮೊದಲು ಮೈ

ರೆಕ್ಕೆ ಇರಲೇಬೇಕೆಂದು ಯಾವ ಕಟ್ಟಳೆಯೂ ಇಲ್ಲ. ಆದಿಕಾಂಡದಲ್ಲಿ ಅಬ್ರಹಾಮನ ಗುಡಾರಕ್ಕೆ ಬಂದವರು ಮೂವರು ಗಂಡಸರಂತೆ ಕಂಡರು, ಊಟ ಮಾಡಿ ಹೋದರು. ಯೆಶಾಯ ಕಂಡ ಸೆರಾಫಿಯರಿಗೆ ಆರಾರು ರೆಕ್ಕೆ, ಅದರಲ್ಲಿ ಎರಡು ಮುಖ ಮುಚ್ಚಿಕೊಳ್ಳಲು, ಎರಡು ಕಾಲು ಮುಚ್ಚಿಕೊಳ್ಳಲು. ಯೆಹೆಜ್ಕೇಲ ಕಂಡದ್ದಂತೂ ನಾಲ್ಕು ಮುಖದ ಜೀವಿಗಳು, ಪಕ್ಕದಲ್ಲಿ ಅಂಚಿನ ತುಂಬ ಕಣ್ಣಿರುವ ಚಕ್ರಗಳು. ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಯ ಹಳೆಯ ಚಿತ್ರದಲ್ಲಿ ದೇವದೂತನಿಗೆ ರೆಕ್ಕೆಯೇ ಇಲ್ಲ. ಕ್ರೈಸ್ತ ಕಲೆಯಲ್ಲಿ ಅದು ಕಾಣಿಸಿಕೊಂಡದ್ದು 4ನೇ ಶತಮಾನದ ಕೊನೆಯ ಹೊತ್ತಿಗೆ.

ನನಗೆ ಇವೆಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಮಹಾಭಾರತದ ನಳೋಪಾಖ್ಯಾನ. ಸ್ವಯಂವರದಲ್ಲಿ ನಳನ ವೇಷ ತೊಟ್ಟು ಕೂತ ದೇವತೆಗಳನ್ನು ದಮಯಂತಿ ಗುರುತಿಸುವುದು ತೇಜಸ್ಸಿನಿಂದಲ್ಲ. ಅವರು ರೆಪ್ಪೆ ಮಿಟುಕಿಸುವುದಿಲ್ಲ, ಬೆವರುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ, ಕೊರಳ ಹಾರ ಬಾಡುವುದಿಲ್ಲ. ಅವರಿಂದ ನಾನು ಬೆವರನ್ನು ಮಾತ್ರ ಎರವಲು ಪಡೆದೆ. ನನ್ನ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನದ ತುಂಬಿದ ಬಸ್ಸಿನಲ್ಲೂ ಹಣೆ ಒಣಗಿರುವವನ ಪಕ್ಕದ ಸೀಟು ಖಾಲಿ ಇರುತ್ತದೆ. ನಿಂತವರು ನಿಂತೇ ಇರುತ್ತಾರೆ. ಗೌರವವೋ, ಹೆದರಿಕೆಯೋ, ಹೇಸಿಗೆಯೋ, ಕೇಳಿದರೆ ಅವರಿಗೂ ಗೊತ್ತಿಲ್ಲ. ಅದಕ್ಕೇ ಒಬ್ಬ ದೇವದೂತ ಬಸ್ ಹತ್ತುವ ಮುಂಚೆ ಸ್ಟ್ಯಾಂಡಿನ ನಲ್ಲಿಯಲ್ಲಿ ಕೈ ಒದ್ದೆ ಮಾಡಿ ಹಣೆಗೂ ಕತ್ತಿಗೂ ಸವರಿಕೊಳ್ಳುತ್ತಾನೆ. ಆ ಊರಿನ ಚರಿತ್ರೆಯನ್ನು ನಾನು ಬೇರೆ ಹೇಳಬೇಕಾಗಲಿಲ್ಲ.

2. ಪವಾಡದ ಖರ್ಚು ಯಾರ ಖಾತೆಗೆ ಎಂದು ಕೇಳಿ

ಟೆಡ್ ಚಿಯಾಂಗ್ 2001ರಲ್ಲಿ ಬರೆದ, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆದ ‘ಹೆಲ್ ಈಸ್ ದಿ ಆಬ್ಸೆನ್ಸ್ ಆಫ್ ಗಾಡ್’ ಕತೆಯನ್ನು ಈ ದಾರಿಗೆ ಬರುವವರೆಲ್ಲ ಓದಲೇಬೇಕು. ಅಲ್ಲಿ ದೇವದೂತರು ಇಳಿದು ಬರುವುದು ಬಿರುಗಾಳಿ ಬಂದಂತೆ. ಕೆಲವರ ರೋಗ ವಾಸಿಯಾಗುತ್ತದೆ, ಕೆಲವರು ಸಾಯುತ್ತಾರೆ. ನಾಯಕನ ಹೆಂಡತಿ ಸಾಯುವುದು ಹೋಟೆಲಿನ ಕಿಟಕಿಯ ಗಾಜು ಸಿಡಿದು. ಆಕೆಯನ್ನು ಯಾರೂ ಶಿಕ್ಷಿಸಲಿಲ್ಲ, ಆಕೆ ದಾರಿಯಲ್ಲಿದ್ದಳು, ಅಷ್ಟೆ.

ಮಾರ್ಕೆಸ್ 1968ರಲ್ಲಿ ಬರೆದ ದೊಡ್ಡ ರೆಕ್ಕೆಗಳ ಮುದುಕನ ಕತೆಯಲ್ಲಿ ಲೆಕ್ಕ ತಿರುಗಾಮುರುಗಾ. ಅಂಗಳದ ಕೆಸರಿಗೆ ಬಿದ್ದವನನ್ನು ದಂಪತಿ ಕೋಳಿಗೂಡಿಗೆ ತಳ್ಳಿ, ನೋಡಲು ಬಂದವರಿಂದ ಐದೈದು ಸೆಂಟ್ ವಸೂಲಿ ಮಾಡಿ, ಎರಡಂತಸ್ತಿನ ಮನೆ ಕಟ್ಟುತ್ತಾರೆ. ನಿಮ್ಮ ಲೋಕ ಈ ಎರಡರಲ್ಲಿ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮೊದಲ ಅಧ್ಯಾಯಕ್ಕೆ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಗಾಜಿಗೆ ಪರಿಹಾರ ಕೊಡುವ ಕಚೇರಿ ಇದೆಯೇ? ಅಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಯಾವ ಕುಲದವನು?

3. ಸಾಯದವನು ಊರಿನ ದಾಖಲೆಪತ್ರವಿದ್ದಂತೆ

ನನ್ನ ಕಾದಂಬರಿಯಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಒಂದು ಗಡಿಕಲ್ಲು. ಕೆರೆ ಕೆಳಗಿನ ಗದ್ದೆಗೆ ಎರಡು ಮನೆತನಗಳ ವ್ಯಾಜ್ಯ. ಇಬ್ಬರ ಬಳಿಯೂ ಪತ್ರವಿದೆ, ಕಂದಾಯ ಕಟ್ಟಿದ ರಸೀದಿಯಿದೆ. ಊರಲ್ಲಿ ಮುನ್ನೂರು ವರ್ಷದಿಂದ ಇರುವ ದೇವದೂತನೊಬ್ಬ ಕಲ್ಲು ನೆಟ್ಟ ದಿನ ಅಲ್ಲೇ ನಿಂತಿದ್ದ. ಅವನಿಗೆ ಸುಳ್ಳು ಹೇಳಲು ಬಾರದು. ಕರೆದು ಕೇಳಿದರೆ ಮುಗಿಯಿತಲ್ಲ? ಅಷ್ಟರಲ್ಲಿ ಎರಡೂ ಕಡೆಯ ವಕೀಲರು ಒಂದಾಗಿ, ಅವನ ಸಾಕ್ಷಿ ಬೇಡ ಎಂದು ಅರ್ಜಿ ಹಾಕುತ್ತಾರೆ. ಅವನು ಬಾಯಿಬಿಟ್ಟರೆ ಗದ್ದೆ ಇಬ್ಬರದೂ ಅಲ್ಲ. ಇಬ್ಬರ ಹಿರೀಕರೂ ಸೇರಿ ಒಕ್ಕಲೆಬ್ಬಿಸಿದ ಮೂರನೆಯ ಕುಟುಂಬದ್ದು. ಆ ಕುಟುಂಬದ ಹೆಣ್ಣುಮಗಳು ಅದೇ ಗದ್ದೆಯಲ್ಲಿ ಕೂಲಿಗೆ ನಾಟಿ ಮಾಡುತ್ತಿದ್ದಾಳೆ.

ಸುದ್ದಿ ಕಿವಿಗೆ ಬಿದ್ದ ದಿನ ಅವಳು ಕೆಸರುಗಾಲಿನಲ್ಲೇ ಬಂದು ಕೇಳುತ್ತಾಳೆ: “ಇಷ್ಟು ಕಾಲ ಯಾಕೆ ಹೇಳಲಿಲ್ಲ ಸ್ವಾಮಿ?”

“ಯಾರೂ ಕೇಳಲಿಲ್ಲ ತಾಯಿ.”

ಸುಳ್ಳಾಡದಿರುವುದು ಬೇರೆ, ತಾನಾಗಿ ಬಂದು ಸತ್ಯ ಹೇಳುವುದು ಬೇರೆ. ದೇವದೂತರ ಬಗ್ಗೆ ಬರೆಯುವವರು ಇವೆರಡರ ನಡುವಿನ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಕೂರಬೇಕು. ದೇವದೂತರಿಗೆ ಕೇಡು ಮಾಡುವ ಮನಸ್ಸಿಲ್ಲ, ತಪ್ಪು ಮಾಡಿದ್ದೇವೆಂಬ ಅರಿವೂ ಇಲ್ಲ. ಮನುಷ್ಯರ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಸೌದೆ ಸಿಗಲಿಕ್ಕಿಲ್ಲ.

4. ಅವರೊಳಗೇ ಮೇಲುಕೀಳು ಇರಲಿ

ಸುಮಾರು ಕ್ರಿ.ಶ. 500ರ ಹೊತ್ತಿಗೆ ಡಯೊನೀಸಿಯಸ್ ಹೆಸರಿನಲ್ಲಿ ಬರೆದವನೊಬ್ಬ ಅವರನ್ನು ಮೂರು ಮೂರರಂತೆ ಒಂಬತ್ತು ಪಂಕ್ತಿಗಳಲ್ಲಿ ಕೂರಿಸಿದ. ಅದರಲ್ಲಿ ಬರೀ ‘ದೇವದೂತ’ ಎನ್ನಿಸಿಕೊಂಡವರು ಕಟ್ಟಕಡೆಯ ಪಂಕ್ತಿ, ಮನುಷ್ಯರ ಜೊತೆ ಒಡನಾಡುವ ಕೆಲಸ ಅವರದೇ. ಮೇಲಿನವರ ಆಜ್ಞೆ, ಕೆಳಗಿನವರ ಬೈಗುಳ ಎರಡನ್ನೂ ತಿನ್ನುವ ಈ ಕೆಳದರ್ಜೆ ನೌಕರನನ್ನು ಕನ್ನಡದ ಓದುಗನಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ.

5. ವಿದ್ಯೆ ಬಂದರೆ ಕಸುಬು ಹೋಗುತ್ತದೆ

ಹನೋಕನ ಗ್ರಂಥದಲ್ಲಿ 200 ಮಂದಿ ಕಾವಲುಗಾರ ದೂತರು ಹೆರ್ಮೋನ್ ಬೆಟ್ಟಕ್ಕಿಳಿದು ಮನುಷ್ಯ ಹೆಣ್ಣುಗಳನ್ನು ಮದುವೆಯಾಗುತ್ತಾರೆ. ಕತ್ತಿ ಗುರಾಣಿ ಮಾಡುವುದನ್ನೂ ಕಣ್ಣಿಗೆ ಕಾಡಿಗೆ ಹಚ್ಚುವುದನ್ನೂ ಕಲಿಸಿದವನು ಅವರಲ್ಲೊಬ್ಬನಾದ ಅಜಾಜೆಲನೇ. ಕುರಾನಿನಲ್ಲಿ ಬಾಬಿಲೋನಿನ ಹಾರೂತ್ ಮಾರೂತ್ ಇಬ್ಬರೂ, ನಾವು ನಿಮಗೊಡ್ಡಿದ ಪರೀಕ್ಷೆ ಎಂದು ಎಚ್ಚರಿಸದೆ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಎಚ್ಚರಿಸಿದರೂ ಜನ ಕಲಿಯುತ್ತಾರೆ, ಅದೂ ಗಂಡಹೆಂಡಿರನ್ನು ಅಗಲಿಸುವ ವಿದ್ಯೆಯನ್ನು. ಹೊಸ ವಿದ್ಯೆಯಿಂದ ಯಾರ ಒಲೆ ಆರಿತು ಎಂದೂ ನೋಡಿ. ಕೈ ಇಟ್ಟರೆ ಜ್ವರ ಬಿಡಿಸುವವನು ಓಣಿಗೆ ಬಂದ ಮೇಲೆ ನಾಟಿ ವೈದ್ಯನ ಮಗ ಏನು ಮಾಡುತ್ತಾನೆ?

6. ಕರಾರು ಇರಲಿ, ಅದರಲ್ಲಿ ಸಂದು ಇರಲಿ

ಊರ್ವಶಿ ಪುರೂರವನ ಜೊತೆ ಬಾಳಲು ಒಪ್ಪಿದ್ದು ಷರತ್ತಿನ ಮೇಲೆ. ಅವಳ ಮಂಚಕ್ಕೆ ಕಟ್ಟಿದ ಕುರಿಮರಿಗಳನ್ನು ಕಾಯಬೇಕು, ಅವನನ್ನು ಅವಳು ಬೆತ್ತಲೆಯಾಗಿ ನೋಡಬಾರದು. ಗಂಧರ್ವರು ಮರಿ ಕದ್ದರು, ರಾಜ ಹಾಗೇ ಎದ್ದು ಓಡಿದ, ಮಿಂಚು ಹೊಡೆಯಿತು. ಒಂದು ಷರತ್ತು ಪಾಲಿಸಹೋದರೆ ಇನ್ನೊಂದು ಮುರಿಯುವ ಹಾಗೆ ಕರಾರು ಹೆಣೆದವನು ಯಾರೋ, ಕತೆಗಾರಿಕೆ ಬಲ್ಲವನು.

ತುಳುನಾಡಿನವರಿಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯವಿಲ್ಲ. ನೇಮದಲ್ಲಿ ದೈವ ನುಡಿ ಕೊಡುತ್ತದೆ, ಕುಟುಂಬದ ತಕರಾರು ಕೇಳುತ್ತದೆ. ಮನೆಯವರು ಅರಿಕೆ ಮಾಡಿಕೊಳ್ಳುತ್ತಾರೆ. ಅಭಯವೂ ಉಂಟು, ಗದರಿಕೆಯೂ ಉಂಟು. ಎರಡೂ ಕಡೆಗೆ ಹಕ್ಕು, ಎರಡೂ ಕಡೆಗೆ ಹೊಣೆ. ಆದರೆ ಜನ ನಂಬಿ ನಡೆಯುತ್ತಿರುವುದನ್ನು ಎತ್ತಿಕೊಂಡು ಬಂದು ರೆಕ್ಕೆ ಅಂಟಿಸಿ ನಿಮ್ಮ ಲೋಕ ಎನ್ನಬೇಡಿ. ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆಂಬುದನ್ನಷ್ಟೇ ಕಲಿಯಿರಿ.

7. ಮನುಷ್ಯರಿಗೆ ಮರೆಯೊಂದನ್ನು ಉಳಿಸಿ

ಎಲ್ಲವನ್ನೂ ಬಲ್ಲ ದೇವದೂತ ಕತೆಗೆ ಕೇಡು, ಯಾಕೆಂದರೆ ಅವನೆದುರು ಯಾರೂ ಪಿಸುಗುಟ್ಟಲಾರರು. ತಾಲ್ಮುದಿನಲ್ಲಿ ರಬ್ಬಿಯೊಬ್ಬ ಹೇಳುವ ಪ್ರಕಾರ, ಅರಮಾಯಿಕ್‌ನಲ್ಲಿ ಪ್ರಾರ್ಥಿಸಿದರೆ ದೂತರು ಕಿವಿಗೊಡುವುದಿಲ್ಲ, ಅವರಿಗೆ ಆ ಭಾಷೆ ಬಾರದು. ಅರಮಾಯಿಕ್ ಆಗ ಜನ ಮನೆಯಲ್ಲೂ ಸಂತೆಯಲ್ಲೂ ಆಡುತ್ತಿದ್ದ ಮಾತು. ನನ್ನ ಊರಿನಲ್ಲಿ ದೇವದೂತರು ಗ್ರಾಂಥಿಕ ಭಾಷೆಯಲ್ಲಿ ಪಂಡಿತರು, ಓಣಿಯ ಮಾತು ಮಾತ್ರ ತಲೆಗೆ ಹತ್ತದು. ಹೆಂಗಸರು ಅದರಲ್ಲೇ ಸಾಲದ ಚೀಟಿ ನಡೆಸುತ್ತಾರೆ, ಹುಡುಗರು ಓಡಿಹೋಗುವ ದಿನ ಗೊತ್ತುಮಾಡುತ್ತಾರೆ. ಕೆಲವು ಪುಟಗಳಾದ ಮೇಲೆ ದೇವದೂತರ ಕಡೆಯ ಯಾರೋ ಒಬ್ಬ ಸಂಜೆ ಹೊತ್ತು ಟೀ ಅಂಗಡಿಯ ಬೆಂಚಿನಲ್ಲಿ ಕೂತು ಆ ಮಾತು ಕಲಿಯತೊಡಗುತ್ತಾನೆ. ಅಂಗಡಿಯವನು ಅವನಿಗೆ ಬೇಕೆಂದೇ ತಪ್ಪು ತಪ್ಪಾಗಿ ಕಲಿಸುತ್ತಾನೆ.