ಮಾರಮ್ಮನನ್ನು ಬೈದವಳು

ಮಕ್ಕಳೆಷ್ಟು ಎಂದರೆ ನಮ್ಮಜ್ಜಿ "ಉಳಿದವು ನಾಲ್ಕು" ಅನ್ನುತ್ತಿದ್ದಳು. ಹೋದವೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವವರ ಮನೆಯಲ್ಲೂ ಹೋಗಿರುತ್ತಿದ್ದವು. ಒಂದಕ್ಕೆ ಅಮ್ಮ ಬಂದಿತ್ತು, 1975ರ ಹೊತ್ತಿಗೆ ದೇಶದಿಂದಲೇ ತೊಲಗಿದ ಆ ಸಿಡುಬು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮಾರಮ್ಮನಿಗೆ ಮೊಸರನ್ನದ ತಂಪು ಮಾಡಿ, ಮನೆಯಲ್ಲಿ ಒಗ್ಗರಣೆಯನ್ನೂ ಹಾಕದೆ ಕಾದರಂತೆ. ಕೂಸು ಉಳಿಯಲಿಲ್ಲ. ಅಜ್ಜಿ ಗುಡಿಯ ಮುಂದೆ ನಿಂತು, "ಹೆತ್ತಿದ್ದರೆ ನಿನಗೂ ಗೊತ್ತಾಗೋದು" ಎಂದು ಬೈದು ಬಂದಳು. ಮುಂದಿನ ಜಾತ್ರೆಗೆ ಮಡಿಲಕ್ಕಿ ಕಟ್ಟಿಕೊಂಡು ಹೋದಳು ಕೂಡ.

ಆಮೇಲೆ ಹುಟ್ಟಿದ ದೊಡ್ಡಪ್ಪನನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯಾಕೆಯಿಂದ ಎತ್ತಿಸಿ, ಮೊರದ ತುಂಬ ರಾಗಿ ಕೊಟ್ಟು ಕೊಂಡು ತಂದರು. ಹೆಸರು ತಿಪ್ಪಣ್ಣ. ಮೂಗೂ ಚುಚ್ಚಿಸಿದರು. ಯಾರಿಗೂ ಬೇಡದ ಕೂಸು ಎಂದುಕೊಂಡು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಲೆಕ್ಕ. ಮುಂದಿನ ಮನೆಯವರ ಪಾಡು ಬೇರೆ ಮಾತು.

ನನ್ನ ಮಗಳು ಹೋದದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿ. ಹಲ್ಲು ಬರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ತಿಥಿಯಿಲ್ಲ, ಸ್ನಾನ ಮಾಡಿದರೆ ಸೂತಕ ಕಳೆಯಿತು ಎಂದರು ಪುರೋಹಿತರು. ಒಳ್ಳೆಯವರು, ದಕ್ಷಿಣೆ ಮುಟ್ಟಲಿಲ್ಲ. ನನಗೋ ಹಾಲು ಸುರಿಯುತ್ತಲೇ ಇತ್ತು. ಅತ್ತೆ ಮೊಳಗಟ್ಟಲೆ ಮಲ್ಲಿಗೆ ತಂದು, ಹಾಲು ಇಂಗಲಿ ಎಂದು ಎದೆಗೆ ಕಟ್ಟಿದರು. ಸಂಜೆ ಬಿಚ್ಚುವಾಗ ಹೂವೆಲ್ಲ ಕಂದು, ಹುಳಿ ವಾಸನೆ. ಮಲ್ಲಿಗೆ ಮುಡಿಯುವುದನ್ನು ಅಂದೇ ಬಿಟ್ಟೆ.

ಬಂದವರು "ಋಣ ಇಷ್ಟೇ ಇತ್ತು" ಅಂದರು. ಯಾರೋ ಸರ್ಪದೋಷ ಅಂದರು. ದೋಷ ನನ್ನಲ್ಲೇ ಇದೆ ಎಂಬ ಆ ಮಾತು ಸುಟ್ಟಿತು. ಆದರೂ ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದೆವು. ನಂಬಿಕೆ ಅರ್ಧ, ಆದರೆ ಆ ಎರಡು ದಿನ ಕೈಗೆ ಕೆಲಸವಿತ್ತು, ಅದೇ ದೊಡ್ಡದು.

ಸತ್ತ ಕೂಸನ್ನೆತ್ತಿಕೊಂಡು ಬಂದ ಕಿಸಾಗೌತಮಿಗೆ ಬುದ್ಧ, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದ. ಕೂಸು ಸಾಯದ ಮನೆ ಎಂದು ಕೇಳಿದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲ ಬಾಗಿಲಲ್ಲೇ ಡಬ್ಬಿ ತುಂಬ ಸಿಗುತ್ತದೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ 129 ಸಾಯುತ್ತಿದ್ದವು. 2020ರಲ್ಲಿ ಅದು 28. ಇಳಿಯಲೇಬೇಕಿತ್ತು, ಇನ್ನೂ ಇಳಿಯಬೇಕು. ಆದರೆ ಆ 28ರಲ್ಲಿ ಒಂದನ್ನು ಕಳೆದುಕೊಂಡವಳಿಗೆ ಅಜ್ಜಿಗಿದ್ದಂಥ ಕೇರಿಯಿಲ್ಲ. ಅಜ್ಜಿಯ ಭಕ್ತಿ ದೊಡ್ಡದಿತ್ತು ಎಂದು ನನಗನಿಸುವುದಿಲ್ಲ. ಅವಳು ಬೈದರೆ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುವವರು ಇರಲಿಲ್ಲ, ಅಷ್ಟೆ.

ನನಗೆ ಸಿಕ್ಕಿದ್ದು ಮನೆಗೆಲಸಕ್ಕೆ ಬರುವಾಕೆ. ಪಾತ್ರೆ ತೊಳೆಯುತ್ತಲೇ, "ನಂದೂ ಒಂದು ಹೋಯ್ತಕ್ಕ. ಆಮೇಲೆ ಎಲ್ಲಮ್ಮಂಗೆ ದೀಪಾನೇ ಹಚ್ಚಿರ್ಲಿಲ್ಲ ನಾನು. ಹಚ್ಚಿಸ್ಕೊಳ್ಳೋ ಮುಖ ಎಲ್ಲಿತ್ತು ಅವಳಿಗೆ?" ಅಂದಳು. ಈಗ ಕೆಲಸ ಮುಗಿದ ಮೇಲೆ ಇಬ್ಬರೂ ಕಾಫಿ ಕುಡಿಯುತ್ತಾ ದೇವರನ್ನು ಬೈಯುತ್ತೇವೆ. ಶುಕ್ರವಾರ ಮಾತ್ರ ಬೇಡ ಅನ್ನುತ್ತಾಳೆ.