ಆರನೇ ವರ್ಷದ ದವಡೆಹಲ್ಲು ಹಾಲುಹಲ್ಲಲ್ಲ

ನಿಮ್ಮ ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಒಮ್ಮೆ ಅದರ ಬಾಯಿ ತೆರೆಸಿ, ಒಳ್ಳೆಯ ಬೆಳಕಿನಲ್ಲಿ ಕೆಳದವಡೆಯನ್ನು ನೋಡಿ. ಹಾಲುಹಲ್ಲುಗಳ ಸಾಲಿನ ಹಿಂದೆ, ಕೊನೆಯಲ್ಲಿ, ಅಗಲವಾದ ಹಲ್ಲೊಂದು ಮೂಡಿರುತ್ತದೆ. ಯಾವ ಹಲ್ಲೂ ಬೀಳದೆ ತಾನಾಗಿ ಬರುವ ಹಲ್ಲು ಇದು. ಆದ್ದರಿಂದ ಇದನ್ನೂ ಹಾಲುಹಲ್ಲೆಂದೇ ತಿಳಿದು, "ಹುಳುಕಾದರೆ ಆಗಲಿ, ಬಿದ್ದು ಹೊಸದು ಬರುತ್ತೆ" ಎಂದು ಸುಮ್ಮನಾಗುವವರು ಬಹಳ. ಇದು ಶಾಶ್ವತ ಹಲ್ಲು. ಮೇಲೆ ಎರಡು, ಕೆಳಗೆ ಎರಡು ಇರುವ ಇವು ಹೋದರೆ ಮತ್ತೆ ಹುಟ್ಟುವುದಿಲ್ಲ. ಅಗಿಯುವ ಹೆಚ್ಚಿನ ಕೆಲಸ ಇವುಗಳದೇ. ಇವುಗಳ ಮೇಲ್ಭಾಗದಲ್ಲಿ ಆಳವಾದ ಗೀರುಗಳಿದ್ದು ಬ್ರಷ್ಷಿನ ಕೂದಲು ಅಲ್ಲಿಗೆ ಸರಿಯಾಗಿ ಇಳಿಯದು. ಹುಳುಕು ಮೊದಲು ಹಿಡಿಯುವುದೂ ಅಲ್ಲೇ.

ಹುಳುಕು ಎಂಬ ಮಾತಿನಲ್ಲೇ ಹುಳುವಿದೆ. ಬೀಜದ ಹೊಗೆ ಹಾಕಿ, ಹಲ್ಲಿನಿಂದ ಹುಳು ತೆಗೆದು ತೋರಿಸುವವರು ಸಂತೆ, ಜಾತ್ರೆಗಳಲ್ಲಿ ಇದ್ದರು. ತಟ್ಟೆಯಲ್ಲಿ ಕಾಣುತ್ತಿದ್ದುದು ಕಾದು ಒಡೆದ ಬೀಜದ ಮೊಳಕೆಯೇ ಹೊರತು ಹುಳುವಲ್ಲ. ಹಲ್ಲನ್ನು ಕೆಡಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನಾವು ತಿಂದ ಸಿಹಿಯನ್ನು ಅವು ಆಮ್ಲವಾಗಿ ಮಾಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್‌ನಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಜೊಲ್ಲು ಅರ್ಧ ಮುಕ್ಕಾಲು ಗಂಟೆಯಲ್ಲಿ ಆಮ್ಲವನ್ನು ತಗ್ಗಿಸಿ, ಕರಗಿದ್ದನ್ನು ಸ್ವಲ್ಪಸ್ವಲ್ಪವಾಗಿ ತುಂಬಿಕೊಡುತ್ತದೆ.

ಈ ದುರಸ್ತಿಗೆ ಬಿಡುವು ಬೇಕು. ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯವಾಗುವುದು ಇದರಿಂದ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಇಂದು ಯಾರೂ ಒಪ್ಪದ ಅಮಾನವೀಯ ಪ್ರಯೋಗ ಅದು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ; ಊಟಗಳ ನಡುವೆ ಅಂಟುವ ಮಿಠಾಯಿ ತಿಂದವರಲ್ಲಿ ವಿಪರೀತ ಹೆಚ್ಚಿತು.

ಮಲ್ಲಿಪಟ್ಟಣವಾಗಲಿ ಹಾಸನವಾಗಲಿ, ಶಾಲೆಯ ಪಕ್ಕದ ಅಂಗಡಿಯಲ್ಲಿ ಚಾಕೊಲೇಟು, ಕ್ರೀಮ್ ಬಿಸ್ಕತ್ತು, ಜ್ಯೂಸಿನ ಪೊಟ್ಟಣ ಸಿಗದ ಊರಿಲ್ಲ. ಪೂರಾ ಬಿಡಿಸುವುದು ಆಗದ ಮಾತು. ಕೊಡುವುದಿದ್ದರೆ ಊಟದ ಜೊತೆಗೇ ಕೊಟ್ಟುಬಿಡಿ. ನಡುವೆ ಹಸಿವಾದರೆ ಹುರಿದ ಕಡಲೆಕಾಯಿ, ಸೌತೆಕಾಯಿ, ಮಜ್ಜಿಗೆ ಇದೆ. ಬೆಲ್ಲದಿಂದ ಹಲ್ಲಿಗೆ ತೊಂದರೆಯಿಲ್ಲ ಎಂಬ ನಂಬಿಕೆ ಸರಿಯಲ್ಲ. ಬ್ಯಾಕ್ಟೀರಿಯಾಕ್ಕೆ ಬೆಲ್ಲವೂ ಸಕ್ಕರೆಯೇ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಕೂಸು ನಿದ್ದೆಹೋಗುವ ಅಭ್ಯಾಸ ಇನ್ನೂ ಕೆಟ್ಟದ್ದು.

ಬೆಳಿಗ್ಗೆ ಎದ್ದೊಡನೆ ಹಲ್ಲುಜ್ಜುವುದು ನಮ್ಮಲ್ಲಿ ಚೆನ್ನಾಗಿ ರೂಢಿಯಾಗಿದೆ. ಹಲವು ಮನೆಗಳಲ್ಲಿ ತಪ್ಪುತ್ತಿರುವುದು ರಾತ್ರಿಯದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಆದ್ದರಿಂದ ಹಲ್ಲಿಗೆ ರಕ್ಷಣೆಯೂ ಕಡಿಮೆ. ಬೆಳಗಿನದನ್ನು ಬಿಡಬೇಡಿ, ಆದರೆ ಒಂದೇ ಹೊತ್ತು ಎನ್ನುವುದಾದರೆ ನಾನು ರಾತ್ರಿಯನ್ನೇ ಆರಿಸುತ್ತೇನೆ. ಮೆದು ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಎರಡು ನಿಮಿಷ. ಆಮೇಲೆ ಪೇಸ್ಟನ್ನು ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ನಿಂತು ಕೆಲಸ ಮಾಡುತ್ತದೆ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಎನಾಮಲ್ಲನ್ನು ಸವೆಸುತ್ತವೆ. ಬೇವಿನ ಕಡ್ಡಿ ಬಳಸುವವರು ಬಳಸಲಿ, ಆದರೆ ಅದರಲ್ಲಿ ಫ್ಲೋರೈಡ್ ಸಿಗದು.

ಪಾವಗಡ, ಬಾಗೇಪಲ್ಲಿಯ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಟ್ಟ ಸುದ್ದಿ ಓದಿದವರು ಪೇಸ್ಟಿಗೂ ಹೆದರುತ್ತಾರೆ. ಅಲ್ಲಿನದು ವರ್ಷಗಟ್ಟಲೆ ನುಂಗಿದ ನೀರು, ಪೇಸ್ಟು ಉಗುಳುವಂಥದ್ದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಬ್ರಷ್ಷನ್ನು ಮಗುವಿನ ಕೈಗೇ ಬಿಟ್ಟುಬಿಡಬೇಡಿ. ಏಳೆಂಟು ವರ್ಷದವರೆಗೂ ಅದರ ಕೈ ಹಿಂದಿನ ಹಲ್ಲಿಗೆ ಸರಿಯಾಗಿ ಹೋಗದು. ಅದು ಉಜ್ಜಿದ ಮೇಲೆ ನೀವೊಮ್ಮೆ ಉಜ್ಜಿ.

ಹೊಸ ದವಡೆಹಲ್ಲಿನ ಗೀರುಗಳನ್ನು ಹುಳುಕು ಹಿಡಿಯುವ ಮೊದಲೇ ತೆಳು ಲೇಪನದಿಂದ ಮುಚ್ಚಿಸಬಹುದು. ಇದಕ್ಕೆ ಕೊರೆಯುವುದಾಗಲಿ ಸೂಜಿಯಾಗಲಿ ಬೇಡ. ದಂತವೈದ್ಯರನ್ನು ಕೇಳಿ. ಸುಣ್ಣದಂತೆ ಬಿಳಿಚಿದ ಅಥವಾ ಕಂದು ಕಲೆ ಕಂಡರೆ ನೋವು ಬರುವವರೆಗೆ ಕಾಯಬೇಡಿ. ಲವಂಗದ ಎಣ್ಣೆ ನೋವನ್ನು ಕೊಂಚ ಹೊತ್ತು ಮರೆಸುತ್ತದೆ, ಹುಳುಕನ್ನು ತಡೆಯದು. ಕೆನ್ನೆ ಊದಿ, ಜ್ವರವೂ ಬಂದರೆ ಶಾಖ ಕೊಡುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯಬೇಡಿ.