ಎರಡು ರೊಟ್ಟಿಯ ಠೇವಣಿ, ಹಳೆ ಸೀರೆಯ ಬೆಲೆ

ಉಳ್ಳವರಲ್ಲಿ ಮಿಕ್ಕ ಆಹಾರವನ್ನು ಒಂದೆಡೆ ಕೂಡಿಸಿ, ಇಲ್ಲದವರು ಬಂದು ಒಯ್ಯುವಂತೆ ಇಡುವ ಏರ್ಪಾಟಿಗೆ ಆಹಾರ ಬ್ಯಾಂಕ್ ಎಂದು ಹೆಸರು. ಇದರ ಆಧುನಿಕ ರೂಪವು 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಆರಂಭಿಸಿದ ಉಗ್ರಾಣದಿಂದ ಬೆಳೆದು ಬಂದಿದೆ. ಆದರೆ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಸರಕನ್ನು ನೆಚ್ಚಿದ್ದ ಆ ಉಗ್ರಾಣಕ್ಕೂ, ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ಅಂದಿನ ಔರಂಗಾಬಾದಿನಲ್ಲಿ, 2015ರ ಡಿಸೆಂಬರ್ 5ರಂದು ಯೂಸುಫ್ ಮುಕಾತಿ ತೆರೆದ ರೋಟಿ ಬ್ಯಾಂಕಿಗೂ ಹೆಸರಿನಾಚೆ ಹೋಲಿಕೆ ಕಡಿಮೆ.

ಸುಮಾರು 250 ಸದಸ್ಯರೊಂದಿಗೆ ಹಾರೂನ್ ಮುಕಾತಿ ಇಸ್ಲಾಮಿಕ್ ಸೆಂಟರ್‌ನ ಆಶ್ರಯದಲ್ಲಿ ಶುರುವಾದ ಈ ಬ್ಯಾಂಕಿನ ನಿಯಮ ಸರಳವಾಗಿತ್ತು: ಶುಲ್ಕವಿಲ್ಲದ ಅರ್ಜಿ ತುಂಬಿ ಸಂಕೇತ ಸಂಖ್ಯೆ ಪಡೆದ ಸದಸ್ಯರು ಅಂದಂದು ಮನೆಯಲ್ಲಿ ಮಾಡಿದ ಕನಿಷ್ಠ ಎರಡು ರೊಟ್ಟಿಯನ್ನೂ ಜೊತೆಗೊಂದು ಪಲ್ಯವನ್ನೋ ಮಾಂಸದ ಅಡುಗೆಯನ್ನೋ ತಂದು ಒಪ್ಪಿಸಬೇಕು, ಅದು ಹಳಸಿಲ್ಲವೆಂದು ನೋಡಿದ ಮೇಲಷ್ಟೇ ಒಳಗಿಡಬೇಕು, ಬೆಳಿಗ್ಗೆ 11ರಿಂದ ರಾತ್ರಿ 11ರವರೆಗೆ ಯಾರು ಬೇಕಾದರೂ ಬಂದು ತಮ್ಮ ಕುಟುಂಬಕ್ಕೆ ಬೇಕಾದಷ್ಟು ಒಯ್ಯಬಹುದು. ಇಂಥ ಸಂಸ್ಥೆಯ ಬೆಳವಣಿಗೆಗೆ ದೊಡ್ಡ ದಾನಿಗಿಂತ ಚಿಕ್ಕ ಪಾಲು ಹೆಚ್ಚು ಮುಖ್ಯವೆಂಬುದು ಈ ನಿಯಮದಲ್ಲೇ ಅಡಗಿದೆ. ಕಣಕ ನಾದುವಾಗ ಎರಡು ರೊಟ್ಟಿ ಹೆಚ್ಚು ತಟ್ಟುವುದು ಬಡತನದ ಅಂಚಿನಲ್ಲಿರುವ ಮನೆಗೂ ಹೊರೆಯಾಗದು. ಆದ್ದರಿಂದ ನಿನ್ನೆ ತೆಗೆದುಕೊಂಡವರು ನಾಳೆ ಕೊಡುವವರ ಸಾಲಿಗೆ ಸೇರಲು ಅಡ್ಡಿಯಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಮಠದ ದಾಸೋಹಕ್ಕೆಂದು ಮನೆಮನೆಯ ಮುಷ್ಟಿ ಅಕ್ಕಿ ಎತ್ತಿದ ಪದ್ಧತಿಯೂ ಇದೇ ಲೆಕ್ಕದ ಮೇಲೆ ನಿಂತಿತ್ತು. ಆದರೆ ಅಕ್ಕಿ ಕೆಡುವುದಿಲ್ಲ, ಪಲ್ಯ ಸಂಜೆಯೊಳಗೆ ಕೆಡುತ್ತದೆ. ಹಾಗಾಗಿ ಬಾಗಿಲಲ್ಲಿ ನಿಂತು ಮೂಸಿ ನೋಡುವ ಮನುಷ್ಯನೇ ಇಲ್ಲಿಯ ನಿಜವಾದ ಖಜಾಂಚಿ.

ಪಡೆಯುವವರ ಕಡೆಯಿಂದ ನೋಡಿದಾಗ ಹೋಲಿಕೆಗೆ ಸಿಗುವುದು ನಾಸಿಕ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕ ಮತ್ತು ತ್ರ್ಯಂಬಕೇಶ್ವರಗಳಲ್ಲಿ ನಡೆಯುವ, 2015ರಲ್ಲೂ ನಡೆದ ಸಿಂಹಸ್ಥ ಕುಂಭಮೇಳದಲ್ಲಿ ಸಾಧುಗಳ ಅಖಾಡಗಳೂ ಭಕ್ತಮಂಡಳಿಗಳೂ ಅನ್ನಛತ್ರ, ಅಂದರೆ ಬಂದವರಿಗೆಲ್ಲ ಉಚಿತವಾಗಿ ಊಟ ಬಡಿಸುವ ಚಪ್ಪರ, ತೆರೆಯುತ್ತವೆ. ಅಲ್ಲಿ ಉಣ್ಣುವವನು ಯಾತ್ರಿಕನಾದ್ದರಿಂದ ಪಂಕ್ತಿಯಲ್ಲಿ ಕೂರಲು ಅವನಿಗೆ ಸಂಕೋಚವಿಲ್ಲ. ಮೇಳ ಮುಗಿದ ಮೇಲೆ ಅದೇ ಊರಿನ ವಿಧವೆಯೋ ಕೂಲಿಯೋ ನೆರೆಯವರ ಕಣ್ಣೆದುರು ತಟ್ಟೆ ಹಿಡಿದು ಕೂರುವ ಮಾತು ಬೇರೆ. ಪೊಟ್ಟಣವನ್ನು ಮನೆಗೊಯ್ದು ಮಕ್ಕಳೊಂದಿಗೆ ಉಣ್ಣಲು ಬಿಡುವ ಏರ್ಪಾಟು ಈ ಸಂಕೋಚವನ್ನು ಬಹುಮಟ್ಟಿಗೆ ನೀಗುತ್ತದೆ.

ಅನ್ನದಲ್ಲಿ ಫಲಿಸಿದ ಕ್ರಮ ಬಟ್ಟೆಗೆ ಹಾಗೆಯೇ ಹೊಂದುವುದಿಲ್ಲ. ದಾನವಾಗಿ ಬಂದ ಹಳೆ ವಸ್ತುಗಳನ್ನು ಅಗ್ಗದ ಬೆಲೆಗೆ ಮಾರಿ ಆ ಹಣವನ್ನು ಸೇವೆಗೆ ಬಳಸುವ ಅಂಗಡಿಗಳು ಬ್ರಿಟನ್ನಿನಲ್ಲಿ ಬೀದಿಬೀದಿಗೂ ಇವೆ. ಮಹಾರಾಷ್ಟ್ರದಲ್ಲಿ ಹೆಚ್ಚು ಕಂಡದ್ದು, ಬೇಡದ ಬಟ್ಟೆಯನ್ನು ತೂಗುಹಾಕಿ ಬೇಕಾದವರು ಒಯ್ಯಲು ಬಿಡುವ ‘ಮಾಣುಸಕೀಚೀ ಭಿಂತ್’, ಅಂದರೆ ಮಾನವೀಯತೆಯ ಗೋಡೆ. ಅಂಥ ಅಂಗಡಿ ಬೇರೂರದಿರಲು ಔದಾರ್ಯದ ಕೊರತೆಯನ್ನು ದೂರುವುದು ಸಲ್ಲದು. ಹಳೆ ಬಟ್ಟೆಗೆ ಇಲ್ಲಿ ಮೊದಲೇ ಮಾರುಕಟ್ಟೆಯಿದೆ. ಸೀರೆ, ಪ್ಯಾಂಟುಗಳನ್ನು ಪಡೆದು ಸ್ಟೀಲ್ ಪಾತ್ರೆ ಕೊಡುವ ‘ಭಾಂಡೀವಾಲಿ’ ಹೆಂಗಸರು, ಜರಿ ಎಷ್ಟು, ಹರಿದದ್ದೆಲ್ಲಿ ಎಂದು ಒಂದೇ ನೋಟಕ್ಕೆ ಅಳೆದು ಚೌಕಾಸಿ ಮಾಡುತ್ತಾರೆ. ಅವರು ಬೇಡವೆಂದದ್ದು ದಾನದ ಗಂಟಿಗೆ ಸೇರುತ್ತದೆ. ಆದ್ದರಿಂದ ಬಟ್ಟೆಯ ಸೇವೆಯಲ್ಲಿ ಸಂಗ್ರಹಕ್ಕಿಂತ ವಿಂಗಡಣೆಯೇ ದುಬಾರಿ ಕೆಲಸ. 1999ರಲ್ಲಿ ಅಂಶು ಗುಪ್ತ ಸ್ಥಾಪಿಸಿದ ಗೂಂಜ್ ಸಂಸ್ಥೆ ಇದನ್ನು ಅರಿತು, ಊರಿನ ಬಾವಿ, ರಸ್ತೆಗಳಿಗಾಗಿ ದುಡಿದವರಿಗೆ ಪ್ರತಿಫಲವಾಗಿ ಬಟ್ಟೆ ಕೊಡುವ ಕ್ರಮವನ್ನೂ, ಉಡಲಾಗದ ಹತ್ತಿಬಟ್ಟೆಯಿಂದ ಮುಟ್ಟಿನ ಪ್ಯಾಡು ಮಾಡುವ ಕ್ರಮವನ್ನೂ ರೂಢಿಗೆ ತಂದಿತು.

ಇದಕ್ಕೂ ಒಂದು ಮಿತಿಯುಂಟು. ಮರಾಠವಾಡದಲ್ಲಿ ಗೋಧಡಿಯೆಂದೂ ಉತ್ತರ ಕರ್ನಾಟಕದಲ್ಲಿ ಕೌದಿಯೆಂದೂ ಕರೆಯುವ ಹೊದಿಕೆಯನ್ನು ಹಳೆ ನೂಲಿನ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿಯುವುದರಿಂದ, ಒಳ್ಳೆಯ ಹತ್ತಿಬಟ್ಟೆ ಅನೇಕ ಮನೆಗಳಿಂದ ಹೊರಗೆ ಬರುವುದೇ ಇಲ್ಲ; ಸಂಗ್ರಾಹಕರ ಪಾಲಿಗೆ ಉಳಿಯುವುದು ಹೆಚ್ಚಾಗಿ ಪಾಲಿಯೆಸ್ಟರ್, ಮಕ್ಕಳಿಗೆ ಚಿಕ್ಕದಾದ ಅಂಗಿ, ಮತ್ತು ಮದುವೆಗೊಮ್ಮೆ ತೊಟ್ಟು ಬಿಟ್ಟ ಸೂಟು.